ಈಳಿಗೆಯಲ್ಲಿ ಕೊಯ್ದ ಅಕ್ಷರಗಳು

ತಮ್ಮನ ಲಗ್ನಪತ್ರಿಕೆಗಳ ಕಟ್ಟು ಮೊನ್ನೆ ಮನೆಗೆ ಬಂತು. ಅವ್ವ ಒಂದೊಂದರ ಮೂಲೆಗೂ ಅರಿಷಿಣ ಹಚ್ಚಿ ಒಣಗಲು ಹರವಿದ್ದಳು. ಹಸಿ ಅರಿಷಿಣ, ಹೊಸ ರಟ್ಟು ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅಕ್ಕೋರು ಕಣ್ಣ ಮುಂದೆ ಬಂದರು...

ರಾಯಬಾಗದ ಕಡೆಯ ನಮ್ಮೂರಿನ ಶಾಲೆಯಲ್ಲಿ ಅವರು ಒಂದನೆಯ, ಎರಡನೆಯ ಇಯತ್ತೆಗೆ ಪಾಠ ಹೇಳುತ್ತಿದ್ದರು. ಇಂಗ್ಲಿಷ್ ಕಲಿಸಲು ಇದ್ದದ್ದು ಒಂದು ಪುಸ್ತಕ, ಒಂದು ಕರಿಹಲಗೆ. ನಮ್ಮ ಕೈಗೆ ಹಾಳೆ ಕೊಟ್ಟರೆ ಸಂಜೆಯೊಳಗೆ ಚಿಂದಿ. ಅದಕ್ಕೇ ಅಕ್ಕೋರು ಮುಗಿದ ಲಗ್ನಗಳ ದಪ್ಪ ರಟ್ಟಿನ ಪತ್ರಿಕೆ ತರಿಸುತ್ತಿದ್ದರು. ಮಡಚಿದ ಪತ್ರಿಕೆಯಲ್ಲಿ ಅಚ್ಚಿಲ್ಲದ ಖಾಲಿ ಮಡಿಕೆಯನ್ನು ಕತ್ತರಿಸಿ, ತುಂಡಿಗೊಂದು ಅಕ್ಷರ ಬರೆದು, ಅದರ ಹೆಸರಿಗಿಂತ ಮೊದಲು ದನಿ ಹೇಳಿಕೊಡುತ್ತಿದ್ದರು. ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ದನಿಗಳನ್ನು ಕೂಡಿಸಿದರೆ ಮಾತಾಗುತ್ತಿತ್ತು. ನಮ್ಮ ಬೆರಳುಗಳೆಲ್ಲ ಅರಿಷಿಣ.

ನನಗೆ ಆ ಕೂಡಿಸುವುದೇ ಬರುತ್ತಿರಲಿಲ್ಲ. ದೀಪಾವಳಿಯೊಳಗೆ ಇಂಗ್ಲಿಷ್ ಓದದಿದ್ದರೆ ನಿಪ್ಪಾಣಿಯ ಕಾಕಾನ ಮನೆಯಲ್ಲಿಟ್ಟು ಅಲ್ಲಿಯ ಶಾಲೆಗೆ ಹಾಕುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ. ಅಪ್ಪನ ತಾಯಿ, ನಮ್ಮ ಆಯಿಯ ಮಗ್ಗುಲಲ್ಲದೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅಪ್ಪನ ಮಾತು ಕೇಳಿ ನನ್ನ ಜೀವ ಅರ್ಧ ಆಗಿತ್ತು.

ಅಂಥದರಲ್ಲಿ ಆಯಿಯೇ ಅಡ್ಡ ಬಂದಳು. ಓಣಿಯಲ್ಲಿ ಹೊಸದಾಗಿ ಲಗ್ನವಾಗಿ ಹೋದ ಹುಡುಗಿಯೊಬ್ಬಳು ಗಂಡನನ್ನು ಬಿಟ್ಟು ತವರಿಗೆ ತಿರುಗಿ ಬಂದಿದ್ದಳು. ಅವಳ ಲಗ್ನದ ಪತ್ರಿಕೆಯೂ ಶಾಲೆಗೆ ಹೋಗಿತ್ತು. ಆಯಿ ನೆಟ್ಟಗೆ ಶಾಲೆಗೆ ಬಂದು ಬಾಗಿಲಲ್ಲೇ ನಿಂತಳು.

“ಲಗ್ನದ ಕಾರ್ಡಿಗೆ ಕತ್ತರಿ ಹಚ್ಚಬಾರ್ದ್ರಿ ಅಕ್ಕೋರ. ಗಂಡ ಹೆಂಡ್ತಿ ಅಗಲ್ತಾರ.”

ಮರುದಿನದಿಂದ ಊರಿನ ಒಂದು ಮನೆಯಿಂದಲೂ ಪತ್ರಿಕೆ ಬರಲಿಲ್ಲ. ಇದ್ದ ತುಂಡುಗಳು ಸವೆದು ಅಕ್ಷರ ಮಾಸಿದವು. ಅಕ್ಕೋರು ಯಾರ ಮೇಲೂ ಸಿಟ್ಟಾಗಲಿಲ್ಲ. ಒಂದು ಸಂಜೆ ನಮ್ಮ ಮನೆಗೆ ಬಂದು ಆಯಿಯ ಎದುರು ನೆಲದ ಮೇಲೆಯೇ ಕುಳಿತರು.

“ನಿಮ್ಮ ಮಾತ ಮೀರಂಗಿಲ್ರಿ ಆಯಿ. ಆದ್ರ ಕಾರ್ಡ ಇಲ್ಲಂದ್ರ ನಾ ಯಾತರ ಮ್ಯಾಲ ಕಲಸ್ಲಿ? ಇಕಿ ಓದ್ಲಿಲ್ಲಂದ್ರ ನಿಪ್ಪಾಣಿಗಿ ಹೊಕ್ಕಾಳ.”

ಆಯಿ ನನ್ನ ಮುಖ ನೋಡಿದಳು. ಆಮೇಲೆ ಎದ್ದು ಅಡುಗೆಮನೆಯಿಂದ ಈಳಿಗೆ ತಂದಳು.

“ಕತ್ತರಿ ಬ್ಯಾಡ. ಈಳಿಗಿ ನಡೀತೈತಿ. ಲಗ್ನದ ಅಡಗಿಗಿ ಬದನಿಕಾಯಿ ಹೆಚ್ಚೂದು ಇದರಾಗ ಅಲ್ಲೇನ?”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂದಿನಿಂದ ಓಣಿಯ ಹೆಂಗಸರು ಆಯಿಯ ಹತ್ತಿರವೇ ಪತ್ರಿಕೆ ತಂದುಕೊಟ್ಟರು. ದೇವರ ಚಿತ್ರ, ಮದುಮಕ್ಕಳ ಹೆಸರು ಇದ್ದ ಭಾಗ ಅವರವರ ಮನೆಯ ದೇವರ ಜಗುಲಿಗೆ ಹೋಯಿತು. ಖಾಲಿ ಮಡಿಕೆಯನ್ನು ಆಯಿ ಕೊಯ್ದು ಕೊಟ್ಟಳು. ಒಂದಕ್ಷರ ಬಾರದ ಅವಳೇ ರಾತ್ರಿ ಊಟವಾದ ಮೇಲೆ ತುಂಡು ಹರವಿ, “ಇದು ಏನಂತೈತಿ ಹೇಳ” ಎಂದು ನನ್ನ ಬೆನ್ನು ಹತ್ತುತ್ತಿದ್ದಳು.

ದೀಪಾವಳಿಯ ಮುಂಚೆ ಅಪ್ಪ ನನ್ನನ್ನು ಕಬ್ಬಿನ ಹೊಲಕ್ಕೆ ಕರೆದೊಯ್ದು, ನೀರೆತ್ತುವ ಯಂತ್ರದ ಮೇಲಿನ ಇಂಗ್ಲಿಷ್ ಅಕ್ಷರ ತೋರಿಸಿದ. ಒಂದೊಂದೇ ದನಿ ಹೇಳಿದೆ, ಕೂಡಿಸಿದೆ. “ಪಂಪ್,” ಎಂದೆ. ಅಪ್ಪ ನಿಪ್ಪಾಣಿಯ ಮಾತು ಮತ್ತೆ ಎತ್ತಲಿಲ್ಲ. ಸುದ್ದಿ ಕೇಳಿ ಅಕ್ಕೋರು ನಕ್ಕು, “ಇದು ನಿಮ್ಮ ಆಯಿ ಕಲಿಸಿದ್ದ ನೋಡವ್ವಾ,” ಎಂದರು.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ಅಕ್ಕೋರು ಈ ಮಳೆಗಾಲದಲ್ಲಿ ಹೋದರು... ತಮ್ಮನೂ ಅವರ ಕೈಯಲ್ಲೇ ಓದಲು ಕಲಿತವನು. ಒಂದು ಮಡಿಕೆ ಖಾಲಿ ಬಿಡಿರೆಂದು ಅಚ್ಚಿನವರಿಗೆ ಅವನೇ ಹೇಳಿದ್ದನಂತೆ. ಮೊದಲ ಪತ್ರಿಕೆ ದೇವರ ಮುಂದಿಟ್ಟೆವು. ಎರಡನೆಯದರ ಮೇಲೆ ಅಕ್ಕೋರ ಹೆಸರು ಬರೆದೆವು. ಒಯ್ದು ಕೊಡುವುದು ಯಾರಿಗೆ?

ಆಯಿಯ ಈಳಿಗೆ ಇನ್ನೂ ಇದೆ. ತಮ್ಮ ಅದನ್ನು ತಂದು ನನ್ನ ಮುಂದಿಟ್ಟ. ಅಕ್ಕೋರ ಹೆಸರಿದ್ದ ಭಾಗವನ್ನು ಜಗುಲಿಯ ಮೇಲಿಟ್ಟು, ಖಾಲಿ ಮಡಿಕೆಯನ್ನು ತುಂಡು ತುಂಡು ಕೊಯ್ದೆ. ನಾಳೆ ಶಾಲೆಗೆ ಕೊಟ್ಟು ಬರಬೇಕು.