ಶಾಂತವ್ವನ ಒಡಪು

ಯೆರವಡಾದ ಒಂದು ಕ್ಲಿನಿಕ್ಕಿನಲ್ಲಿ ನಾನು ಎಚ್‌ಐವಿ ಸಲಹೆಗಾರ್ತಿಯಾಗಿದ್ದೆ. ಒಂದು ದಿನ ಕಲಬುರ್ಗಿ ಕಡೆಯ ಶಾಂತವ್ವ ಬಂದಳು. ಗಂಡನಿಗೆ ಸೋಂಕಿತ್ತು, ಅವಳಿಗಿರಲಿಲ್ಲ. ಅವಳಿಗೆ ತಗಲದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ನಿರೋಧದ ಮಾತೆತ್ತುವ ಮೊದಲು ನಾನೇ ಎರಡು ಸಲ ಕೆಮ್ಮಿದೆ. ಅವಳೋ ನನ್ನ ಕೈಲಿದ್ದ ನಿರೋಧದ ಪಾಕೀಟು ಕಸಿದುಕೊಂಡು ಒಡೆದು, ಮೇಜಿನ ಮೇಲಿದ್ದ ಕಟ್ಟಿಗೆಯ ಮಾದರಿಗೆ ಸರಕ್ಕನೆ ತೊಡಿಸಿ, "ಹಿಂಗ ಹೌದಿಲ್ರಿ ಅಕ್ಕಾರ?" ಎಂದಳು. ನಾಚಿಕೆಯ ಸುಳಿವೇ ಇಲ್ಲ.

"ತಿಂಗಳಿಗೊಮ್ಮೆ ಪಾಕೀಟು ಒಯ್ಯಾಕ ಕಾರ್ಡು ಮಾಡಬೇಕು. ಗಂಡನ ಹೆಸರೇನವಾ?"

ಶಾಂತವ್ವ ಸೆರಗು ಬಾಯಿಗಿಟ್ಟುಕೊಂಡಳು. "ಶಿವನೇ! ಗಂಡನ ಹೆಸರು ಬಾಯಿಲೆ ಹ್ಯಾಂಗ ಹೇಳ್ಲಿರಿ?"

ಕಾಲು ಗಂಟೆ ಗೋಗರೆದೆ. ಕೊನೆಗೆ, "ಲಗ್ನದಾಗ ಹೇಳೂವಂಗ ಹೆಸರು ಸೇರಿಸಿ ಒಡಪು ಕಟ್ಟಿ ಹೇಳವಾ," ಎಂದೆ. ಬಾಗಿಲು ಮುಚ್ಚಿದೆಯೇ ಎಂದು ನೋಡಿ, ರಾಗವಾಗಿ ಹೇಳಿದಳು:

"ನಿರೋಧ ಇಲ್ಲಂದ್ರ ನಮ್ಮ ಬಾಗಲಾ ಬಂದ,
ಮಲ್ಲಪ್ಪನೋರಿಗಿ ಹೊರಗ ಕಟ್ಟಿ ಮ್ಯಾಲೇ ಆನಂದ!"

ಮುಂದಿನ ತಿಂಗಳು, ಪಾಕೀಟು ತೀರಿ ನಾಲ್ಕು ದಿನವಾದ ಮೇಲೆ, ಮಲ್ಲಪ್ಪನೇ ಓಡಿಬಂದ. ಕಾರ್ಡು ನೋಡಿ ಅವನ ಮುಖ ಅರಳಿತು. "ನನ್ನ ಹೆಸರು ಆಕೀನ ಹೇಳಿದ್ಲೇನ್ರಿ?"

"ಹೌದಪಾ, ಭಾಳ ಪ್ರೀತಿಲೆ ಹೇಳಿದ್ಲು," ಎಂದೆ.

ಕಟ್ಟೆಯ ಸುದ್ದಿ ನಾನಾಗಿ ಎತ್ತಲಿಲ್ಲ. ಅವನ ಕೈತುಂಬ ಸೊಳ್ಳೆ ಕಚ್ಚಿದ ಗುರುತುಗಳಿದ್ದವು.