ಬರಲಿರುವ ಯಂತ್ರಕ್ಕೊಂದು ಕಿಟಕಿ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮಳವಳ್ಳಿ ತಾಲ್ಲೂಕಿನಲ್ಲಿ ಗ್ರಾಮಸೇವಕಿಯಾಗಿದ್ದೆ. ಹಳ್ಳಿಗಳಿಗೆ ಹೋಗಿ ಸೊಪ್ಪು ತಿನ್ನಿ, ನೀರು ಕಾಯಿಸಿ ಕುಡಿಯಿರಿ, ಬಚ್ಚಲ ನೀರಿಗೆ ಗುಂಡಿ ತೋಡಿಸಿ ಎಂದು ಹೆಂಗಸರಿಗೆ ಹೇಳುವುದು ನನ್ನ ಕೆಲಸ. ನನಗಾಗ ಇಪ್ಪತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಅಮ್ಮ ನನ್ನನ್ನು ಅಡಿಗೆಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿದ್ದುದು ಕಾಫಿ ಲೋಟ ತೊಳೆಯುವುದಕ್ಕೆ ಮಾತ್ರ. ಅಂಥವಳ ಉಪದೇಶವನ್ನು ನಾಲ್ಕು ಮಕ್ಕಳ ತಾಯಂದಿರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಅದು ಮರ್ಯಾದೆಯಲ್ಲ, ನಗು ತಡೆಯುವ ಉಪಾಯ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಒಂದು ಸಲ ಮಂಡ್ಯದಲ್ಲಿದ್ದ ನಮ್ಮ ಮೇಲಧಿಕಾರಿಗಳಿಂದ ಕಾಗದ ಬಂತು. ಆ ತಿಂಗಳು ಎಲ್ಲ ಮಹಿಳಾ ಮಂಡಳಿಗಳಲ್ಲೂ ‘ನಾಳಿನ ಅಡಿಗೆಮನೆ’ ಎಂಬ ವಿಷಯವಾಗಿ ಮಾತನಾಡಬೇಕಂತೆ. ಏನು ಮಾತನಾಡಬೇಕೆಂದು ಮಾತ್ರ ಬರೆದಿರಲಿಲ್ಲ. ನನಗೆ ಗೊತ್ತಿದ್ದುದು ಇಷ್ಟೆ: ಮಂಡ್ಯದ ಹತ್ತಿರದ ವಿ.ಸಿ. ಫಾರಂನಲ್ಲಿ ತರಬೇತಿಗೆ ಹೋಗಿದ್ದಾಗ ಅಲ್ಲಿ ಪಾಠ ಹೇಳುತ್ತಿದ್ದಾಕೆ ಒಂದು ಪರದೇಶದ ಪತ್ರಿಕೆ ತಂದು ಬಣ್ಣದ ಚಿತ್ರಗಳನ್ನು ತೋರಿಸಿದ್ದರು. ಬಟ್ಟೆ ಒಗೆಯುವ ಯಂತ್ರ, ಹಾಲು ಕೆಡದಂತೆ ಇಡುವ ಬೀರು, ಗುಂಡಿ ಒತ್ತಿದರೆ ರುಬ್ಬುವ ಜಾಡಿ.

ವಾರದ ಕೊನೆಗೆ ಮನೆಗೆ ಹೋಗಿ ಬರುವುದು ನನ್ನ ರೂಢಿ. ಸೋಮವಾರ ಬೆಳಿಗ್ಗೆ ರೈಲಿನಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ಮಳವಳ್ಳಿ ಬಸ್ಸು ಹತ್ತುತ್ತಿದ್ದೆ. ಆ ಸೋಮವಾರ ಬಸ್ಸಿನಲ್ಲೇ ಕೂತು ಭಾಷಣ ಬರೆದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ನಾನು ಕಂಡಿದ್ದ ಯಂತ್ರಗಳೆಲ್ಲ ಮುಗಿದವು, ಕಾಗದ ಇನ್ನೂ ಖಾಲಿ ಇತ್ತು. ಉಳಿದ ದಾರಿಗೆ ನಾನೇ ಕೆಲವನ್ನು ಹುಟ್ಟಿಸಿದೆ. ಬೆಂಕಿಯೇ ಇಲ್ಲದ ಒಲೆ, ತಾನೇ ಗುಡಿಸಿಕೊಳ್ಳುವ ಪೊರಕೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಫೋನು. ನನಗೇ ನಗು ಬಂತು. ಪಕ್ಕದಲ್ಲಿ ಕೂತಿದ್ದವರು ನನ್ನನ್ನು ನೋಡಿ ಸ್ವಲ್ಪ ಆಚೆ ಸರಿದರು.

ಸಭೆ ನಡೆದದ್ದು ಮಳವಳ್ಳಿಗೆ ಹತ್ತಿರದ ಒಂದು ಹಳ್ಳಿಯ ಸ್ಕೂಲಿನ ಜಗುಲಿಯಲ್ಲಿ. ಮಂಡಳಿಯ ಅಧ್ಯಕ್ಷೆ ಊರಿನ ದೊಡ್ಡ ಹಿಡುವಳಿದಾರರ ಹೆಂಡತಿ. ಎಲ್ಲರೂ ಗೌಡ್ತಮ್ಮ ಎನ್ನುತ್ತಿದ್ದರು. ಐವತ್ತರ ಆಸುಪಾಸು, ಅಗಲ ಮುಖ, ಒಲೆಯ ಹೊಗೆಗೆ ಸದಾ ಕೆಂಪಾಗಿರುತ್ತಿದ್ದ ಕಣ್ಣು. ಸ್ಕೂಲಿನ ಎದುರಿಗೇ ಅವರ ಹೊಸ ಮನೆಯ ಕೆಲಸ ನಡೆಯುತ್ತಿತ್ತು.

ನಾನು ಗಂಭೀರವಾಗಿ ನಾಳಿನ ಅಡಿಗೆಮನೆಯನ್ನು ಬಣ್ಣಿಸಿದೆ. ಬಟ್ಟೆ ಒಗೆಯುವ ಯಂತ್ರದ ವಿಷಯ ಬಂದಾಗ ಒಬ್ಬ ಮುದುಕಿ, ಬಟ್ಟೆಯನ್ನು ಮಿಸನ್ನು ಒಗೆದರೆ ನಾವು ಕೆರೆ ಕಟ್ಟೆ ಹತ್ತಿರ ಹೋಗಿ ಮಾತಾಡುವುದು ಹೇಗೆ ಎಂದು ಕೇಳಿದಳು. ಅದಕ್ಕೇ ಸೊಂಟದ ಫೋನು ಬರುತ್ತದೆ ಎಂದೆ. ಜಗುಲಿಯೆಲ್ಲ ನಕ್ಕಿತು. ಆ ದಿನ ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಅದೇ ದೊಡ್ಡದು ಎಂದು ಅವರೂ ತಿಳಿದರು, ನಾನೂ ತಿಳಿದಿದ್ದೆ.

ಗೌಡ್ತಮ್ಮ ನಗಲಿಲ್ಲ. "ಎಲ್ಲಾ ಸರಿ ಕಣವ್ವ. ಹಿಟ್ಟು ತೊಳ್ಸಕ್ಕೆ ಏನ್ ಬತ್ತದೆ?" ಎಂದರು.

ಹಿಟ್ಟೆಂದರೆ ನಮ್ಮ ಕಡೆ ರಾಗಿ ಮುದ್ದೆ. ಕುದಿಯುವ ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೋಲಿನಿಂದ ತೊಳಸಬೇಕು, ರಟ್ಟೆ ಸೋಲುವ ಕೆಲಸ. ಅನ್ನದ ಮನೆಯಲ್ಲಿ ಬೆಳೆದ ನನಗೆ ಅದರ ಗಂಧವೇ ಇರಲಿಲ್ಲ, ಪತ್ರಿಕೆಯಲ್ಲೂ ಅದರ ಚಿತ್ರವಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಬಾಯಿ ಚೆನ್ನಾಗಿ ಪಳಗಿತ್ತು.

"ಅದಕ್ಕೂ ಮಿಷನ್ ಬರುತ್ತೆ. ಒಂದು ಕಡೆ ರಾಗಿ ಹಿಟ್ಟು, ನೀರು ಹಾಕಿದರೆ ಇನ್ನೊಂದು ಕಡೆ ಮುದ್ದೆ ಉರುಳಿ ಬೀಳುತ್ತೆ. ಇನ್ನೈದು ವರ್ಷ, ಅಷ್ಟೇ."

"ಗಂಟಿಲ್ದಂಗೆ?"

"ಗಂಟಿಲ್ಲದ ಹಾಗೆ."

ಗೌಡ್ತಮ್ಮ ತಲೆಯಾಡಿಸಿದರು. ನಾನು ರಿಜಿಸ್ಟರಿಗೆ ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ.

ಮೂರು ವಾರವಾಗಿರಬೇಕು, ಗೌಡ್ತಮ್ಮನವರ ಹೊಸ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಮಳವಳ್ಳಿಯ ನಮ್ಮ ಆಫೀಸಿಗೇ ಬಂದ. ಅಡಿಗೆಮನೆ ಕೆಲಸ ನಿಂತುಹೋಗಿದೆಯಂತೆ. ಒರಳು ಹೂಳಬೇಡ, ನೆಲದ ಮೇಲೆ ಒಲೆ ಹಾಕಬೇಡ, ಸೊಂಟದೆತ್ತರಕ್ಕೆ ಕಟ್ಟೆ ಕಟ್ಟು, ಗೋಡೆಗೆ ಏಳು ಸ್ವಿಚ್ಚು ಬರಬೇಕು, ಮೂಡಲ ಗೋಡೆಯನ್ನು ಅರ್ಧಕ್ಕೆ ನಿಲ್ಲಿಸು, ಮಿಸನ್ನು ಒಳಗೆ ಹೋಗಬೇಕು ಎಂದು ಗೌಡ್ತಮ್ಮ ಪಟ್ಟು ಹಿಡಿದಿದ್ದಾರೆ. ಯಾರು ಹೇಳಿದರು ಎಂದರೆ ಸರ್ಕಾರ ಹೇಳಿದೆ ಎನ್ನುತ್ತಾರೆ. ಊರಿನಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಗೌಡರು ಊಟ ಬಿಟ್ಟು ಜಗಳ ಮಾಡುತ್ತಿದ್ದಾರೆ. ಸರ್ಕಾರ ಅಂದರೆ ಯಾರು ಎಂದು ನೋಡಿಕೊಂಡು ಹೋಗಲು ಮೇಸ್ತ್ರಿ ಬಂದಿದ್ದ. ನೋಡಿದ. ಅವನ ಮುಖದಲ್ಲಿ ನಿರಾಸೆ ಚೆನ್ನಾಗಿಯೇ ಕಂಡಿತು.

ಮಾರನೆಯ ದಿನವೇ ಆ ಊರಿಗೆ ಹೋದೆ. ಗೌಡ್ತಮ್ಮ ನನ್ನನ್ನು ಅರ್ಧ ಎದ್ದಿದ್ದ ಅಡಿಗೆಮನೆಯೊಳಕ್ಕೆ ಕರೆದುಕೊಂಡು ಹೋಗಿ ಇಟ್ಟಿಗೆ ರಾಶಿಯ ಮೇಲೆ ಕೂರಿಸಿದರು. ನಾನು ತಪ್ಪೊಪ್ಪಿಕೊಂಡೆ. ಕೆಲವು ಯಂತ್ರಗಳನ್ನು ಚಿತ್ರದಲ್ಲಿ ನೋಡಿದ್ದು ನಿಜ, ಉಳಿದವು ನಾನೇ ಕಟ್ಟಿದ ಕತೆ, ಮುದ್ದೆ ಯಂತ್ರವಂತೂ ಶುದ್ಧ ಸುಳ್ಳು ಎಂದೆ. ಅಳು ಬರುವುದರಲ್ಲಿತ್ತು.

"ಅವತ್ತೇ ಗೊತ್ತಾಯ್ತು ಬುಡು," ಅಂದರು ಗೌಡ್ತಮ್ಮ. "ಸುಳ್ಳೇಳುವಾಗ ನಿನ್ ಕಿವಿ ಕೆಂಪಗಾಯ್ತದೆ."

ಗೊತ್ತಿದ್ದೂ ಯಾಕೆ ಈ ರಂಪ ಎಂದು ಕೇಳಿದೆ. ಅವರು ಸೊಸೆಯಾಗಿ ಬಂದಾಗಿನಿಂದ ಅಡಿಗೆ ಮಾಡಿದ್ದೆಲ್ಲ ಒಂದು ಕತ್ತಲೆ ಕೋಣೆಯಲ್ಲಿ. ಬೇಯುವ ಅನ್ನಕ್ಕೆ ಹೊರಗಿನವರ ಕಣ್ಣು ಬೀಳುತ್ತದೆ ಎಂದು ಅತ್ತೆ ಅಲ್ಲಿ ಕಿಟಕಿ ಇಡಲು ಬಿಟ್ಟಿರಲಿಲ್ಲ. ಅತ್ತೆ ಹೋಗಿ ಎಷ್ಟೋ ಕಾಲವಾಗಿತ್ತು. ಹೊಸ ಮನೆಗೂ ಗೌಡರು ಅದೇ ಅಳತೆಯ, ಅದೇ ಕತ್ತಲೆಯ ಅಡಿಗೆಮನೆಯನ್ನೇ ಮೇಸ್ತ್ರಿಗೆ ಹೇಳಿದ್ದರು.

"ನಂಗೊಂದು ಕಿಟ್ಕಿ ಬೇಕು ಅಂತ ಕೇಳ್ದೆ, ಯಾರೂ ಕಿವಿಗಾಕೊಳ್ನಿಲ್ಲ. ಮಿಸನ್ಗೆ ಬೇಕು ಅಂದೆ, ಊರೇ ಮಾತಾಡ್ತಾ ಅದೆ. ಏಳು ಸ್ವಿಚ್ಚು ಕೇಳುದ್ರೆ ಒಂದು ಕಿಟ್ಕಿನಾದ್ರೂ ಕೊಟ್ಟಾರು ಕಣವ್ವ. ಈಗ ಅವ್ರು ಬತ್ತರೆ. ನೀನು ಇನ್ನೊಂದು ಸುಳ್ಳೇಳು, ಕಿವಿ ಮೇಲೆ ಸೆರಗಾಕೊ."

ಹೇಳಿ ಮುಗಿಸುವಷ್ಟರಲ್ಲಿ ಗೌಡರು ಬಂದೇಬಿಟ್ಟರು. ಎತ್ತರದ ಆಳು, ಹೆಗಲ ಮೇಲೆ ಟವೆಲ್ಲು. ಹೆಂಡತಿಯ ಕಡೆ ನೋಡದೆ ನನ್ನನ್ನೇ ನೇರವಾಗಿ ಕೇಳಿದರು.

"ಏನಮ್ಮಾ, ಇದು ಗೌರ್ಮೆಂಟು ರೂಲಾ?"

ನಾನು ಸೆರಗನ್ನು ತಲೆಯ ಮೇಲೆಳೆದುಕೊಂಡು, ರೂಲಲ್ಲ ಗೌಡ್ರೇ, ಸಲಹೆ ಎಂದೆ. ಗೋಡೆ ಅರ್ಧಕ್ಕೆ ನಿಲ್ಲಿಸುವುದೇನೂ ಬೇಡ. ಆದರೆ ಯಂತ್ರ ಕತ್ತಲಲ್ಲಿದ್ದರೆ ತುಕ್ಕು ಹಿಡಿಯುತ್ತದೆ, ಮೂಡಲ ಬಿಸಿಲು ಬೀಳುವಂತೆ ಮೂರಡಿ ಅಗಲದ ಒಂದು ಕಿಟಕಿಯಾದರೂ ಇರಲೇಬೇಕು, ನಿಂತು ಕೆಲಸ ಮಾಡಲು ಒಂದು ಕಟ್ಟೆ ಬೇಕು ಎಂದೆ. ಏಳು ಸ್ವಿಚ್ಚು ಯಾಕೆ ಎಂದರು. ಸದ್ಯಕ್ಕೆ ಒಂದು ಬಲ್ಬಿಗೆ ಒಂದು ಸ್ವಿಚ್ಚು ಸಾಕು, ಮಿಕ್ಕಿದ್ದು ಯಂತ್ರ ಬಂದ ಮೇಲೆ ನೋಡಿಕೊಳ್ಳಬಹುದು ಎಂದೆ. ಏಳನ್ನು ಒಂದಕ್ಕೆ ಇಳಿಸಿದ ಗೆಲುವು ಗೌಡರ ಮೀಸೆಯಲ್ಲೇ ಕಾಣುತ್ತಿತ್ತು. ಕೇಳಿದೆಯಾ ಎನ್ನುವಂತೆ ಹೆಂಡತಿಯ ಕಡೆ ನೋಡಿದರು. ಗೌಡ್ತಮ್ಮ ಸೋತವರಂತೆ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ಅಷ್ಟು ಚೆಂದದ ಸಪ್ಪೆ ಮುಖವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಕಿಟಕಿ ಬಂತು, ಕಟ್ಟೆ ಬಂತು, ಒರಳು ಕೂಡ ಹಿತ್ತಲ ಬಾಗಿಲ ಪಕ್ಕ ತನ್ನ ಜಾಗದಲ್ಲಿ ಬಂದು ಕೂತಿತು. ಮನೆ ಒಕ್ಕಲಾದ ಮೇಲೆ ನಮ್ಮ ಮೇಲಧಿಕಾರಿಗಳು ತಪಾಸಣೆಗೆಂದು ಜೀಪಿನಲ್ಲಿ ಬಂದರು. ಗೌಡರು ಅವರನ್ನು ಕೈಹಿಡಿದು ಒಳಗೆ ಕರೆದೊಯ್ದು ಕಿಟಕಿ ತೋರಿಸಿ, ನಾವೇನೋ ಸಿದ್ಧವಾಗಿದ್ದೇವೆ, ಮುದ್ದೆ ಮಿಸನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ನಾನು ಗೋಡೆಯ ಸುಣ್ಣವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ. ಸಾಹೇಬರು ಒಮ್ಮೆ ಕೆಮ್ಮಿದರು. ಗೊತ್ತಿಲ್ಲ ಎನ್ನುವುದು ಅವರ ಅಭ್ಯಾಸದಲ್ಲಿರಲಿಲ್ಲ.

"ಫೈಲು ಬೆಂಗಳೂರಿನಲ್ಲಿದೆ. ಮೊದಲನೇ ಹಂತದಲ್ಲೇ ನಿಮ್ಮ ತಾಲ್ಲೂಕು ಸೇರಿದೆ," ಎಂದರು.

ಗೌಡರಿಗೆ ಸಂತೋಷವಾಗಿ ಎಳನೀರು ಕೊಚ್ಚಿಸಿದರು. ವಾಪಸು ಬರುವಾಗ ಜೀಪಿನಲ್ಲಿ ಸಾಹೇಬರು ಮೆಲ್ಲಗೆ, ಅದು ಯಾವ ಮಿಷನ್ನಮ್ಮ ಎಂದು ಕೇಳಿದರು. ತಮಗೆ ಗೊತ್ತಿದೆ ಎಂದುಕೊಂಡಿದ್ದೆ ಸಾರ್ ಎಂದೆ. ಮಳವಳ್ಳಿ ಬರುವವರೆಗೂ ಇಬ್ಬರೂ ರಸ್ತೆ ನೋಡುತ್ತಾ ಕುಳಿತೆವು.

ಆ ವರ್ಷ ಆ ಊರಿನಲ್ಲಿ ಇನ್ನೂ ನಾಲ್ಕು ಮನೆಯ ಅಡಿಗೆಮನೆಗಳಿಗೆ ಕಿಟಕಿ ಬಿತ್ತು. ಮೇಸ್ತ್ರಿ ಅದಕ್ಕೆ ಮಿಸನ್ ಕಿಟಕಿ ಎಂದೇ ಹೆಸರಿಟ್ಟು ಅಳತೆ ಬಾಯಿಪಾಠ ಮಾಡಿಕೊಂಡಿದ್ದ. ಹೆಂಗಸರು ನನ್ನನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದು, ನಮ್ಮೆಜಮಾನರಿಗೂ ಬಂದು ಅದನ್ನೇ ಒಂದು ಸಲ ಹೇಳಿ ಎಂದು ಕೇಳಿಕೊಳ್ಳುತ್ತಿದ್ದರು. ಹೋಗಿ ಹೇಳುತ್ತಿದ್ದೆ. ಕಿವಿ ಕೆಂಪಾಗುವುದು ಬರಬರುತ್ತಾ ನಿಂತಿತು.

ನನಗೆ ಮದ್ದೂರಿಗೆ ವರ್ಗವಾದಾಗ ಹೇಳಿಬರಲು ಹೋದೆ. ಗೌಡ್ತಮ್ಮ ಕಟ್ಟೆಯ ಮುಂದೆ ನಿಂತು ಹಪ್ಪಳ ಕರಿಯುತ್ತಿದ್ದರು. ಮುಖದ ಮೇಲೆ ಬೆಳಕಿತ್ತು, ಕಣ್ಣಿನ ಕೆಂಪು ಬಹಳ ಮಟ್ಟಿಗೆ ಇಳಿದಿತ್ತು. ನಾನು ಆ ವಿಷಯ ಎತ್ತುವುದರೊಳಗೆ ಕಿಟಕಿಯ ಸರಳಿನ ನಡುವೆ ಹೊರಗಿನಿಂದ ಒಂದು ಕೈ ತೂರಿ ಬಂದು ಬಿಸಿ ಹಪ್ಪಳ ಎತ್ತಿಕೊಂಡು ಹೋಯಿತು. ಗೌಡರ ಕೈ. ಅವರು ಕಿಟಕಿಯ ಕೆಳಗೇ ಕುರ್ಚಿ ಹಾಕಿಸಿಕೊಂಡಿದ್ದಾರಂತೆ, ಸಾರಿಗೆ ಉಪ್ಪೆಷ್ಟು ಹಾಕಬೇಕೆಂದು ಅಲ್ಲಿಂದಲೇ ಹೇಳುತ್ತಾರಂತೆ.

"ಕತ್ಲೇಲಿ ಇದ್ದಾಗ ಈ ಕಾಟ ಇರ್ನಿಲ್ಲ ಕಣವ್ವ," ಎಂದು ಗೌಡ್ತಮ್ಮ ಬಾಣಲೆಗೆ ಇನ್ನೊಂದು ಹಪ್ಪಳ ಬಿಟ್ಟರು.