ಟೇಪಿನೊಳಗಿನ ಎರಡು ಬೆರಳು

ವಾಪಸ್ ಬಂದ ಕುರ್ತಾದ ಎಡಗಂಕುಳ ಕೆಳಗೆ ಹೊಲಿಗೆ ಒಂದಿಂಚು ಬಿಟ್ಟಿತ್ತು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: “ನಿಮ್ಮ ಪಟ್ಟಿ ನೋಡಿಯೇ 36 ತರಿಸಿದೆ, ಎದೆಗೆ ಬಿಗಿ.”

ಇದು 2009ರ ಮಾತು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿದ್ದ ನಾನು ರೋಣದಿಂದ ದಿನಾ ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕೈಮಗ್ಗದ ಬಟ್ಟೆಯಲ್ಲಿ ಕುರ್ತಾ ಹೊಲಿಸಿ ವೆಬ್‌ಸೈಟ್ ಮೂಲಕ ಮಾರುವ ಸಣ್ಣ ಘಟಕವೊಂದರಲ್ಲಿ ನನ್ನ ಕೆಲಸ. ಆರ್ಡರ್ ನೋಡುವುದು, ಪಾರ್ಸೆಲ್ ಕಳಿಸುವುದು ನನ್ನ ಪಾಲಿಗಿತ್ತು. ಯಾವ ಮೈಯಳತೆಯವರು ಯಾವ ಕುರ್ತಾ ತರಿಸಬೇಕೆಂದು ತಿಳಿಸುವ ಸೈಜ್ ಚಾರ್ಟ್, ಅಂದರೆ ಆ ಪಟ್ಟಿ, ಸಿದ್ಧಪಡಿಸಿದವಳೂ ನಾನೇ. ಬಟ್ಟೆ ಕತ್ತರಿಸುತ್ತಿದ್ದವರು ಮಾಬೂಬಿ, ಅರವತ್ತರ ಹತ್ತಿರದವರು.

ಆ ತಿಂಗಳು ಏಳು ಕುರ್ತಾಗಳು ವಾಪಸ್ ಬಂದವು. ಏಳೂ 36ರ ಸೈಜಿನವು, ಏಳಕ್ಕೂ ಒಂದೇ ದೂರು.

“ಸೋಮವಾರದಿಂದ ಕಟಿಂಗ್ ಹುಬ್ಬಳ್ಳಿಗೆ ಕೊಡೂಣ. ಮುದುಕಿ ಕಣ್ಣು ಮಂಜಾಗ್ಯಾವ,” ಎಂದರು ವ್ಯವಸ್ಥಾಪಕ ಶಂಕ್ರಪ್ಪನವರು.

ಮಾಬೂಬಿ ಕತ್ತರಿ ನಿಲ್ಲಿಸಲಿಲ್ಲ. “ಮಂಜಾಗಿದ್ರ ನಿಮ್ಮ ಅಂಗಿ ಗುಂಡಿ ತೆಳಗ-ಮ್ಯಾಲ ಆಗಿದ್ದು ಇಲ್ಲಿಂದ ಹ್ಯಾಂಗ ಕಾಣ್ತಿತ್ತರಿ, ಸಾಹೇಬ್ರ?”

ಶಂಕ್ರಪ್ಪನವರು ಗುಂಡಿ ಸರಿಪಡಿಸಿಕೊಂಡರು. ತೀರ್ಮಾನ ಬದಲಿಸಲಿಲ್ಲ.

ಶುಕ್ರವಾರ ಮಧ್ಯಾಹ್ನ ಏಳೂ ಕುರ್ತಾಗಳನ್ನು ಹಾಸಿ ಅಳೆದೆ. ಎಲ್ಲದರ ಎದೆಸುತ್ತೂ ಸರಿಯಾಗಿ ಮೂವತ್ತಾರು ಇಂಚು. ಕಟಿಂಗ್‌ನಲ್ಲಿ ತಪ್ಪಿರಲಿಲ್ಲ. ಹಾಗಾದರೆ ತಪ್ಪೆಲ್ಲಿ? ಯಾರಾದರೂ ಮೈಮುಟ್ಟುವುದು ನನಗೆ ಹಿಡಿಸುವುದಿಲ್ಲ. ಆದರೂ ನನ್ನ ಅಳತೆ ತೆಗೆಯಲು ಮಾಬೂಬಿಯವರನ್ನು ಕೇಳಿದೆ. ಮನೆಯಲ್ಲಿ ನಾನೇ ಅಳೆದುಕೊಂಡಾಗ 34 ಬಂದಿತ್ತು. ಅವರು ಟೇಪು ಸುತ್ತಿ, ಅದರೊಳಗೆ ಎರಡು ಬೆರಳು ತೂರಿಸಿ, “ಛತ್ತೀಸ,” ಎಂದರು. ಮೂವತ್ತಾರು.

“ಬೆರಳು ಯಾಕ ಇಟ್ರಿ, ಚಾಚಿ?”

“ಮತ್ತ? ಉಸರಾಡೂದು ಬ್ಯಾಡೇನ್ರಿ ಬಾಯಾರ? ಬಗ್ಗಿ ಕಸಾ ಹೊಡಿಬೇಕು, ಕೂಸಿನ್ನ ಎತ್ಕೋಬೇಕು. ಅಂಟಿಸಿ ಅಳತಿ ತಗೊಳ್ಳಾಕ ಮೈ ಅಂದ್ರ ಗಾದಿ ಏನು?”

ಅವರ ಮೂವತ್ತಾರರಲ್ಲಿ ಮೈಗೆ ಬೇಕಾದ ಸಡಿಲ ಆಗಲೇ ಸೇರಿತ್ತು. ಎದುರಿಗೆ ನಿಂತವರನ್ನು ಅವರೇ ಅಳೆದು ಹೊಲಿದರೆ ಅದು ಚಲೋ ಕೂರುತ್ತಿತ್ತು. ಆದರೆ ಎಲ್ಲೋ ದೂರದಲ್ಲಿ ಕಂಪ್ಯೂಟರ್ ಪರದೆಯ ಮುಂದೆ ಕೂತ ಹೆಣ್ಣುಮಗಳು ಟೇಪನ್ನು ಮೈಗೆ ಒತ್ತಿ ಅಳೆದುಕೊಂಡು, ನಮ್ಮ ಪಟ್ಟಿಯಲ್ಲಿ ಅದೇ ಅಂಕಿ ಹುಡುಕುತ್ತಿದ್ದಳು. ಮೈ ಮೂವತ್ತಾರಿದ್ದವಳಿಗೆ ಮೂವತ್ತಾರರ ಕುರ್ತಾವೇ ಹೋಗುತ್ತಿತ್ತು, ಸಡಿಲಕ್ಕೆ ಜಾಗವೇ ಇರುತ್ತಿರಲಿಲ್ಲ. ಮಾಬೂಬಿ ಹೇಳಿದ ಅಂಕಿಗಳನ್ನು ನಾನು ಕಂಪ್ಯೂಟರಿನ ಮುಂದೆ ಕೂತೇ ಟೈಪು ಮಾಡಿ, ಮೇಲೆ ‘ಮೈಯಳತೆ’ ಎಂದು ಶೀರ್ಷಿಕೆ ಕೊಟ್ಟಿದ್ದೆ. ಅವರು ಅಳೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಅಂಕಿಗಳನ್ನು ಸದ್ದಿಲ್ಲದೆ ತಿದ್ದಲು ಹತ್ತು ನಿಮಿಷ ಸಾಕಿತ್ತು. ಆ ಸಂಜೆಯೇ ತಿದ್ದಿದೆ. ಇನ್ನು ದೂರುಗಳು ನಿಲ್ಲುತ್ತಿದ್ದವು. ಆದರೆ ನಾನು ಸುಮ್ಮನಿದ್ದರೆ ಮಾಬೂಬಿಯವರ ಕಣ್ಣಿನ ಮೇಲೆ ಬಂದ ಅಪವಾದ ಹಾಗೇ ಉಳಿಯುತ್ತಿತ್ತು, ಕೆಲಸವೂ ಹುಬ್ಬಳ್ಳಿಗೆ ಹೋಗುತ್ತಿತ್ತು. ಅಂಕಿ ಬರೆದುಕೊಳ್ಳುವವರು ಅಳೆಯುವ ಕೈಯನ್ನೂ ನೋಡಬೇಕೆಂದು ಆ ಕೆಲಸ ನನಗೆ ಕಲಿಸಿತು. ನೋಡದೇ ಬರೆದರೆ, ಹಾಗೆಂದು ಬಾಯಿಬಿಟ್ಟು ಹೇಳಲೂಬೇಕು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಶಂಕ್ರಪ್ಪನವರು ಕುರ್ಚಿಗೆ ಕೂರುವ ಮೊದಲೇ, ಒಳಕೋಣೆಯಲ್ಲಿದ್ದ ಮಾಬೂಬಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: “ಸರ್, ಕಟಿಂಗ್ ಸರಿ ಐತ್ರಿ. ತಪ್ಪಿದ್ದು ಪಟ್ಟಿ. ಅದನ್ನ ಬರದಾಕಿ ನಾನು.”